ಹೆಸರು ಕೇಳದ ಹೊಸ್ತಿಲು

ನಾನು ಈ ಊರಿಗೆ ಸೊಸೆಯಾಗಿ ಬಂದ ದಿನ ಅತ್ತೆ ಮೊದಲು ತೋರಿಸಿದ್ದು ದೇವರ ಮಾಡವನ್ನಲ್ಲ, ಇರುವೆಗಳ ದಾರಿಯನ್ನು. ನಮ್ಮ ಅಡ್ಡಹೆಸರು ಬೆಲ್ಲದ. ಮನೆಯಲ್ಲಿ ಬೆಲ್ಲದ ಚೂರು ಇರಲಿ ಇಲ್ಲದಿರಲಿ, ಹಿತ್ತಲ ಗೋಡೆಯಿಂದ ಹೊರಟ ಕೆಂಪು ಸಾಲೊಂದು ಒಲೆಯ ಹಿಂದೆ ಹಾದು, ಪಡಸಾಲೆಯ ಕಂಬ ಸುತ್ತಿ, ಬೀದಿಬಾಗಿಲಿನಿಂದ ಹೊರಗೆ ಹೋಗುತ್ತದೆ. "ಅವು ಹೋಗೂ ದಾರಿಗೆ ಹಾಸಿಗಿ ಹಾಸಬ್ಯಾಡ, ಉಳಿದದ್ದೆಲ್ಲಾ ನಿಂದ" ಅಂದಿದ್ದರು ಅತ್ತೆ. ಒಂದು ತಿಂಗಳಿಗೆ ರೂಢಿಯಾಯಿತು. ಈಗ ತವರಿಗೆ ಹೋದರೆ ಅಲ್ಲಿಯ ನೆಲವೇ ಬಿಕೋ ಅನ್ನುತ್ತದೆ.

ಈ ಊರಿನ ರೀತಿಯೇ ಹಾಗೆ. ಅಡ್ಡಹೆಸರಿನಲ್ಲಿ ಏನಿದೆಯೋ ಅದು ಆ ಮನೆಯಲ್ಲಿ ಬಂದು ಇರುತ್ತದೆ. ಗಂಟಿಯವರ ಮನೆಯಲ್ಲಿ ಗಂಟೆಯಿಲ್ಲ, ಆದರೆ ದಿನಕ್ಕೆ ಮೂರು ಸಲ ಅದರ ಸದ್ದು ಕೇಳುತ್ತದೆ. ಮೊದಲನೆಯ ಸದ್ದಿಗೆ ಓಣಿಯ ಹೆಂಗಸರೆಲ್ಲ ಎಸರಿಡುತ್ತಾರೆ. ಮೆಣಸಿನಕಾಯಿಯವರ ಮನೆಗೆ ಬೀಗರು ಬಂದರೆ ಮಾತುಕತೆಯೆಲ್ಲ ಎದುರಿನ ಬೇವಿನ ಕಟ್ಟೆಯ ಮೇಲೆ. ಒಳಗೆ ಕೂತರೆ ಸೀನಿನಲ್ಲೇ ಹೊತ್ತು ಹೋಗುತ್ತದೆ. ಗುಬ್ಬಿಯವರು ತಮ್ಮ ಜೋಳವನ್ನು ನಮ್ಮ ಮಾಳಿಗೆಯ ಮೇಲೆ ಒಣಹಾಕುತ್ತಾರೆ, ನಾವು ನಮ್ಮ ಬೆಲ್ಲವನ್ನು ಅವರ ಮನೆಯ ನೆಲುವಿನಲ್ಲಿ ಇಡುತ್ತೇವೆ. ಹೀಗೆ ಹೊಂದಿಕೊಂಡು ನಡೆದಿದೆ.

ಹೊಂದಿಕೆ ಆಗದವರಿಗೆ ದಾರಿ ಇಲ್ಲದಿಲ್ಲ. ಚಾವಡಿಯ ಮುಂದೆ ನೀರು ತುಂಬುವ ಕಲ್ಲಿನ ದೋಣಿಯಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕೈ ಅದ್ದಿ ಹೊಸ ಹೆಸರು ಹೇಳಿದರೆ ಹಳೆಯದು ಇಳಿದುಹೋಗುತ್ತದೆ. ಆದರೆ ಅಂದು ಕೈ ಅದ್ದದವರು ಹಳೆಯ ಹೆಸರಿನಲ್ಲೇ ಉಳಿಯುತ್ತಾರೆ, ಮತ್ತು ಇಳಿದ ಹೆಸರಿನಲ್ಲಿ ಉಳಿದವರನ್ನು ಹೆಳವರು ತಮ್ಮ ಪುಸ್ತಕದಲ್ಲಿ ಸತ್ತವರ ಕಡೆ ಬರೆಯುತ್ತಾರೆ. ಹೆಳವರೆಂದರೆ ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು, ಎತ್ತಿನ ಮೇಲೆ ಪುಸ್ತಕದ ಗಂಟು ಹೇರಿಕೊಂಡು, ಮೂರು ವರ್ಷಕ್ಕೊಮ್ಮೆ ಬಂದು ಓದಿ ಹೇಳಿ ಹೋಗುವವರು. ಅವರ ಪುಸ್ತಕದಲ್ಲಿ ಪ್ರತಿ ಹಾಳೆಗೆ ನಡುವೆ ಒಂದು ಗೆರೆ. ಬಲಕ್ಕೆ ಇದ್ದವರು, ಎಡಕ್ಕೆ ಹೋದವರು.

ನಮ್ಮ ಗೋಡೆಗೆ ಗೋಡೆ ಹಚ್ಚಿ ಇರುವುದು ಕದಮುಚ್ಚಿಯವರ ಮನೆ. ಅವರ ಬೀದಿಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಯಾರಾದರೂ ಹೊಸ್ತಿಲ ಹೊರಗೆ ನಿಂತು ಕೂಗಿದರೆ ಸಾಕು, ಎರಡೂ ಕದ ಹತ್ತಿರ ಬಂದು ಕೂಡಿಕೊಳ್ಳುತ್ತವೆ, ಅಗುಳಿ ಬೀಳುತ್ತದೆ. ಅಪ್ಪಳಿಸುವುದಿಲ್ಲ. ತೊಟ್ಟಿಲಲ್ಲಿ ಕೂಸು ಮಲಗಿದ ಮನೆಯಲ್ಲಿ ಹೇಗೆ ಮುಚ್ಚುತ್ತಾರೋ ಹಾಗೆ. ಆದರೆ ಹಿಡಿದು ನಿಲ್ಲಿಸುತ್ತೇನೆ ಅಂದರೆ ನಾಲ್ಕು ಆಳಿಗೂ ಆಗದು. ಆ ಮನೆಯ ರಾಚಪ್ಪ ಒಮ್ಮೆ ಹಾಗೆ ನಿಲ್ಲಿಸಲು ಹೋಗಿ ಬಲಗೈಯ ಹೆಬ್ಬೆರಳ ಉಗುರು ಕಪ್ಪಾಗಿದ್ದು ಇಂದಿಗೂ ಹಾಗೇ ಇದೆ. ಅವನು ಬಟ್ಟೆ ಹೊಲಿಯುವವನು. ಪಡಸಾಲೆಯಲ್ಲಿ ಮಷೀನು ಇಟ್ಟುಕೊಂಡಿದ್ದ. ಗಿರಾಕಿ ಬಂದು "ರಾಚಪ್ಪಾ!" ಅನ್ನುವುದು, ಕದ ಮುಚ್ಚುವುದು, ಇವನು ಹಿತ್ತಲಿನಿಂದ ಓಡಿ ಸುತ್ತುಹಾಕಿ ಬರುವಷ್ಟರಲ್ಲಿ ಗಿರಾಕಿ ಅರ್ಧ ಓಣಿ ದಾಟಿರುವುದು.

ಹೆಸರಿನ ಬಗ್ಗೆ ಊರಿಗೆ ಗೊತ್ತಿದ್ದದ್ದು ಇಷ್ಟೇ. ಹಿಂದೆ ಯಾವಾಗಲೋ ಈ ಮನೆಯವರು ಬಾಗಿಲಿಗೆ ಬಂದ ಹೆಳವನ ಮುಖದ ಮೇಲೆ ಕದ ಹಾಕಿದರು, ಅದಕ್ಕೇ ಈ ಹೆಸರು ಬಂತು ಅಂತ. ಹೆಳವರಿಗೆ ಕಾಳು ಹಾಕದೆ ಕಳಿಸುವುದೆಂದರೆ ತನ್ನ ಹಿರಿಯರನ್ನೇ ಬಾಗಿಲಿಂದ ಅಟ್ಟಿದ ಹಾಗೆ. ಅಂದಿನಿಂದ ಹೆಳವರು ಅವರ ಹೊಸ್ತಿಲಿಗೆ ಹೋಗುತ್ತಿರಲಿಲ್ಲ. ಚಾವಡಿಯಲ್ಲಿ ಕೂತು ಆ ಮನೆಯ ಹಾಳೆಯನ್ನು ಬೇಗ ಬೇಗ ಓದುವರು. ಮನೆಯವರು ತಲೆ ತಗ್ಗಿಸಿ ಬಂದು ಅಲ್ಲೇ ಕಾಳು ಹಾಕುವರು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ದುಂಡವ್ವಕ್ಕ ಆ ಮನೆಯ ಹಿರಿಯ ಸೊಸೆ. ರಾಚಪ್ಪನ ಅಣ್ಣ ಸಾತಪ್ಪನ ಹೆಂಡತಿ. ಸಾತಪ್ಪ ಬಾವಿ ತೋಡುವವನು. ಹನ್ನೊಂದು ವರ್ಷದ ಹಿಂದೆ ಆರು ಜನ ಪಡುವಣ ಸೀಮೆಗೆ ಬಾವಿ ತೋಡಲು ಹೋದರು. ಐದು ಜನ ಬಂದರು. ಸಾತಪ್ಪ ಇನ್ನೊಂದು ಬಾವಿ ಮುಗಿಸಿ ಬರುತ್ತೇನೆಂದು ಹಿಂದೆ ಉಳಿದನಂತೆ. ಬಂದ ಸುದ್ದಿಯಿಲ್ಲ, ಸತ್ತ ಸುದ್ದಿಯೂ ಇಲ್ಲ. ಅಕ್ಕ ಹಣೆಗೆ ಕುಂಕುಮ ಇಡುತ್ತಾಳೆ, ಕೈಗೆ ಹಸಿರು ಬಳೆ ತೊಡುತ್ತಾಳೆ. ಓಣಿಯ ಹೆಂಗಸರಿಗೆ ಉಡಿ ತುಂಬುವ ದಿನ ಬಂತೆಂದರೆ ಪೇಚು. ಕರೆದರೆ ಒಂದು ತಪ್ಪು, ಕರೆಯದಿದ್ದರೆ ಇನ್ನೊಂದು. ಅದಕ್ಕೆ ಅವರು ಅವಳ ಮನೆಯ ಮುಂದೆ ನಿಂತು ನನ್ನನ್ನು ಗಟ್ಟಿಯಾಗಿ ಕರೆಯುತ್ತಿದ್ದರು. "ಕಸ್ತೂರೀ, ಸಂಜೀಕ ಬಾರವಾ, ಯಾರನ್ನರೆ ಜೋಡಿ ಕರ್ಕೊಂಡ್ ಬಾ!" ನಾನು ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದೆ. ಅವಳು ನಗುತ್ತ ಬರುತ್ತಿದ್ದಳು. "ನಾ ಯಾರನ್ನರೆ ಅಂಬೋ ಸೀರಿ ಉಟ್ಕೊಂಡ್ ಬರ್ತೇನಿ ತಡಿ" ಅನ್ನುವಳು.

ರಾಚಪ್ಪ ಹೆಸರು ಇಳಿಸುತ್ತೇನೆಂದು ಹೊರಟಾಗ ಮಾತ್ರ ಅವಳು ನಗಲಿಲ್ಲ. ಅಂದು ನಾನು ಅಲ್ಲೇ ಇದ್ದೆ. ನನ್ನ ರವಿಕೆಯ ತೋಳು ಬಿಗಿಯಾಗಿತ್ತು, ಬಿಚ್ಚಿಸಿಕೊಳ್ಳಲು ಹೋಗಿದ್ದೆ.

"ವೈನಿ, ಹೆಳವರು ಉಗಾದಿ ಆದಮ್ಯಾಲೆ ಬರ್ತಾರ. ಅವ್ರ ಎದುರಿಗೇ ಹೆಸರು ಇಳಿಸಿಬಿಡೂಣು. ಸೂಜಿ ಅಂತ ಇಟ್ಕೊಂಡ್ರಾತು. ಮನಿ ತುಂಬ ಸೂಜಿ ಬಂದು ಬಿದ್ರೂ ನನಗ ಲಾಭನ."

"ನಿಮ್ಮಣ್ಣ?" ಅಂದಳು ಅಕ್ಕ.

ರಾಚಪ್ಪ ಮಷೀನಿನ ಗಾಲಿ ತಿರುವಿದ. ಕೆಟ್ಟವನಲ್ಲ ಅವನು. ಹನ್ನೊಂದು ವರ್ಷ ಆ ಮನೆಯ ಒಲೆ ಆರದಂತೆ ನೋಡಿಕೊಂಡವನು. "ಅವ ಬಂದ್ರ ಬ್ಯಾರೆ ಮಾತು" ಅಂದ.

"ಬಂದು ನಿಂತಾಗ ಅವ್ರ ಹೆಸರು ಸತ್ತವ್ರ ಕಡೆ ಇರತೈತಿ."

"ಮತ್ತ ನಾ ಏನ್ ಮಾಡ್ಲಿ? ಮಂದಿ ನನ್ನ ಬಾಗಿಲಿಗೆ ಕಲ್ಲು ಒಗದು ಕರೀತಾರ. ನಮ್ಮ ಹಿರ್ಯಾ ಯಾವಂವ ಸೊಕ್ಕಿಲೆ ಕದಾ ಹಾಕಿದ್ನೋ, ಅದನ್ನ ನಾ ಯಾಕ ಹೊರಬೇಕು?"

ಅಕ್ಕ ಬಾಗಿಲ ಕಡೆ ನೋಡಿದಳು. "ಸೊಕ್ಕಿನ ಕದಾ ಹಿಂಗ ಮುಚ್ಚತಾವೇನು, ತಮ್ಮಾ?" ಅಂದಳು. "ಹೆಳವರು ಬರೂತನಕ ತಡಿ. ಈ ಹೆಸರು ಯಾಕ ಬಂತು ಅನ್ನೂದು ನಾ ಹುಡುಕತೇನಿ. ಇಟ್ಕೊಳ್ಳೂ ಅಂಥಾದ್ದಲ್ಲ ಅಂತಾದ್ರ ನಾನ ಮೊದಲ ದೋಣ್ಯಾಗ ಕೈ ಅದ್ದತೇನಿ."

ಉಗಾದಿಗೆ ಎಂಟು ತಿಂಗಳಿತ್ತು. ರಾಚಪ್ಪ ಆಯಿತೆಂದ.

ಹುಡುಕುವುದು ಎಲ್ಲಿಂದ? ಪುಸ್ತಕ ಹೆಳವರ ಹತ್ತಿರ. ಊರ ಹಿರಿಯರನ್ನು ಕೇಳಿದರೆ ಎಲ್ಲರೂ ಅದೇ ಸೊಕ್ಕಿನ ಕಥೆಯನ್ನು ತಮ್ಮ ತಮ್ಮ ಒಗ್ಗರಣೆ ಹಾಕಿ ಹೇಳಿದರು. ಅಕ್ಕ ಅಕ್ಷರ ಬಲ್ಲವಳಲ್ಲ. ಆದರೆ ಅವಳಂಥ ತಾಳ್ಮೆಯನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. ಮೊದಲ ಒಂದು ತಿಂಗಳು ಅವಳು ಎಲ್ಲಿಗೂ ಹೋಗಲಿಲ್ಲ. ಕಾಳು ಹಸನು ಮಾಡುತ್ತ ಪಡಸಾಲೆಯಲ್ಲಿ ಕೂತು ಬಾಗಿಲು ನೋಡಿದಳು. ಯಾರು ಬಂದಾಗ ಮುಚ್ಚುತ್ತದೆ, ಯಾರು ಬಂದಾಗ ಇಲ್ಲ. ಒಂದು ಮಧ್ಯಾಹ್ನ ಗೋಡೆಯ ಆಚೆಯಿಂದ ನನ್ನನ್ನು ಕರೆದಳು.

"ಕಸ್ತೂರಿ, ಹೊರಗ ನಿಂತು ನನ್ನ ಕರಿ."

"ದುಂಡವ್ವಕ್ಕಾ!" ಅಂದೆ. ಕದ ಮಿಸುಕಲಿಲ್ಲ.

"ಈಗ ನಮ್ಮ ಮೈದುನನ್ನ ಕರಿ."

"ರಾಚಪ್ಪಣ್ಣಾ!" ಕದಗಳು ಮೆಲ್ಲಗೆ ಬಂದು ಕೂಡಿದವು. ಆಚೆಯಿಂದ ಅಕ್ಕನ ದನಿ ಬಂತು. "ಇದು ಮಂದಿಗೆ ಮುಚ್ಚೂದಲ್ಲವಾ. ಗಂಡಸರ ಹೆಸರಿಗೆ ಮುಚ್ಚೂದು."

ಇಷ್ಟು ವರ್ಷ ಆ ಮನೆಗೆ ಹೋಗಿ ಬಂದು ಮಾಡಿದ ನನಗೆ ಇದು ಹೊಳೆದಿರಲಿಲ್ಲ. ನಾನು ಯಾವಾಗಲೂ ಅಕ್ಕನನ್ನೇ ಕರೆಯುವವಳು. ನನಗೆ ಆ ಕದ ಎಂದೂ ಮುಚ್ಚಿರಲಿಲ್ಲ. ಗಂಡಸರನ್ನು ಹುಡುಕಿ ಬಂದವರಿಗೆ ಎಂದೂ ತೆರೆದಿರಲಿಲ್ಲ. ಎರಡೂ ಕಡೆಯವರು ಕೂತು ಮಾತಾಡಿದ್ದರಲ್ಲವೇ ಗೊತ್ತಾಗುವುದು.

ಆಮೇಲೆ ಅವಳಿಗೆ ತನ್ನ ಮದುವೆಯ ದಿನ ನೆನಪಾಯಿತು. ನಮ್ಮ ಕಡೆ ಹೊಸ ಸೊಸೆ ಮನೆ ತುಂಬುವಾಗ ಹೆಂಗಸರು ಹೊಸ್ತಿಲಲ್ಲಿ ಅಡ್ಡ ನಿಂತು ಗಂಡನ ಹೆಸರು ಕೇಳುತ್ತಾರೆ. ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳುವಂತಿಲ್ಲ. ಎರಡು ಸಾಲಿನ ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಹೇಳಿದರೇ ಒಳಗೆ. ದುಂಡವ್ವಕ್ಕ ಹದಿನೈದು ದಿನ ಬಾಯಿಪಾಠ ಮಾಡಿ ಒಂದು ಒಡಪು ಕಲಿತು ಬಂದಿದ್ದಳಂತೆ. ಆದರೆ ಕದಮುಚ್ಚಿಯವರ ಹೊಸ್ತಿಲಲ್ಲಿ ಯಾರೂ ಅಡ್ಡ ನಿಲ್ಲಲಿಲ್ಲ. "ಬಾರವಾ ಒಳಗ, ನಮ್ಮ ಹೊಸ್ತಿಲದಾಗ ಹೆಸರು ಕೇಳೂದಿಲ್ಲ" ಅಂದರಂತೆ ಅತ್ತೆ. ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಅವರ ಅತ್ತೆಯೂ ಕೇಳಿರಲಿಲ್ಲ.

"ಕಲ್ತಿದ್ದು ದಂಡ ಆತಲ್ಲ ಅಂತ ಅವತ್ತ ಭಾಳ ಸಂಕಟ ಆಗಿತ್ತು ನೋಡು" ಅಂದಳು ಅಕ್ಕ. ಹಾಗೇ ಮುಂದುವರಿಸಿದಳು, "ಹೆಳವರ ಪುಸ್ತಕ ಗಂಡಮಕ್ಕಳ ಬೆನ್ನು ಹತ್ತತೈತಿ. ಹೆಣ್ಣಮಕ್ಕಳು ಕೊಟ್ಟ ಮನಿಗೆ ಹೋಗುವಾಗ ತವರಿನ ರೀತಿ ಒಯ್ದಿರತಾರ. ಹೊಸ್ತಿಲದಾಗ ಹೆಸರು ಕೇಳದ ಮನಿ ಎಲ್ಲೆಲ್ಲಿ ಅದಾವೋ ಅಲ್ಲೆಲ್ಲಾ ಈ ಮನಿ ಹೆಣ್ಣು ಹೋಗಿರತಾಳ."

ಹೀಗೆ ಶುರುವಾಯಿತು ಅವಳ ವಂಶಾವಳಿ. ಮೊದಲು ಅತ್ತೆಯ ನಾದಿನಿಯ ಊರು. ಅಲ್ಲಿ ಆ ನಾದಿನಿಯ ಸೊಸೆಯರಿಗೆ ಯಾರೂ ಹೆಸರು ಕೇಳಿರಲಿಲ್ಲ. ಅದೇ ಊರಲ್ಲಿ ಇನ್ನೊಂದು ಹಳೆಯ ಮನೆ, ಅಲ್ಲಿಯೂ ಕೇಳುತ್ತಿರಲಿಲ್ಲ; ಆ ಮನೆಗೆ ಎರಡು ತಲೆಮಾರಿನ ಹಿಂದೆ ನಮ್ಮೂರಿನ ಕದಮುಚ್ಚಿಯವರ ಹೆಣ್ಣು ಬಂದಿದ್ದಳು. ಅಲ್ಲಿಂದ ಕೊಟ್ಟ ಹೆಣ್ಣು ಹಳ್ಳದ ಆಚೆಯ ಊರಿಗೆ. ಅಕ್ಕ ಕರೆದ ಮದುವೆಗೂ ಹೋದಳು, ಕರೆಯದ ಮದುವೆಗೂ ಹೋದಳು. ಊಟಕ್ಕೆ ಕೂರುವ ಮೊದಲು ಹೊಸ್ತಿಲ ಪಕ್ಕ ನಿಂತು ನೋಡುವಳು. ಹೆಂಗಸರು ಅಡ್ಡ ನಿಂತು ಗದ್ದಲ ಹಾಕಿದರೆ ಉಂಡು ಬಂದುಬಿಡುವಳು. ಸುಮ್ಮನೆ ಒಳಗೆ ಬಿಟ್ಟುಕೊಂಡರೆ ಮೂರು ದಿನ ಅಲ್ಲೇ ಉಳಿದು, ರೊಟ್ಟಿ ಬಡಿದುಕೊಟ್ಟು, ಬಾಣಂತಿಗೆ ಎರೆದು, ಮುದುಕಿಯರ ಕಾಲು ಒತ್ತಿ, ಒಂದೊಂದೇ ಹೆಸರು ಹೆಕ್ಕಿಕೊಂಡು ಬರುವಳು. ಬರೆಯಲು ಬಾರದಲ್ಲ, ಸೀರೆಯ ಸೆರಗಿನಂಚಿಗೆ ಗಂಟು ಹಾಕುತ್ತಿದ್ದಳು. ಒಂದು ಹೆಣ್ಣಿಗೆ ಒಂದು ಗಂಟು. ಮನೆಗೆ ಬಂದು ಗೋಡೆಯ ಆಚೆಯಿಂದ ನನಗೆ ಹೇಳುವಳು, "ಇದು ಸಂಗವ್ವ, ಇದು ಆಕಿ ಮಗಳು ಕಲ್ಲವ್ವ, ಇದು ಕಲ್ಲವ್ವನ ಸ್ವಾದರತ್ತಿ." ಒಂದನ್ನೂ ತಪ್ಪುತ್ತಿರಲಿಲ್ಲ. ಊರ ಗಂಡಸರು, "ಕದಮುಚ್ಚಿ ಮನಿಯಾಕಿ ಮಂದಿ ಕದಾ ಬಡಿಯಾಕ ಹೊಂಟಾಳ" ಎಂದು ಆಡಿಕೊಂಡರು. ರಾಚಪ್ಪ ತಲೆ ಎತ್ತದೆ ಹೊಲಿಯುತ್ತಿದ್ದ. ಆದರೆ ಅವಳು ಹೊರಡುವ ದಿನ ಬುತ್ತಿ ಕಟ್ಟಲು ಚೌಕ ಬಟ್ಟೆಗೆ ಅಂಚು ಹೊಲಿದು ಇಟ್ಟಿರುತ್ತಿದ್ದ.

ಹೋಳಿ ಹತ್ತಿರ ಬಂದಾಗ ಸೆರಗಿನಲ್ಲಿ ಹದಿನಾರು ಗಂಟುಗಳಿದ್ದವು. ಹದಿನೇಳನೆಯದಕ್ಕೆ ನನ್ನನ್ನೂ ಕರೆದುಕೊಂಡು ಹೋದಳು. ಬಸ್ಸಿಳಿದು ಎರಡು ಹರದಾರಿ ನಡೆದರೆ ಸಿಗುವ ಊರು. ಲಗಮವ್ವ ಎಂಬ ಮುದುಕಿ, ತೊಂಬತ್ತು ದಾಟಿರಬೇಕು. ಜಗಲಿಯ ಮೇಲೆ ಬಿಸಿಲಿಗೆ ಕಾಲು ಚಾಚಿಕೊಂಡು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಅಕ್ಕ ಏನೂ ಕೇಳದೆ ಪಕ್ಕದಲ್ಲಿ ಕೂತು ಬೀಜ ತೆಗೆಯತೊಡಗಿದಳು. ನಾನೂ ಕೂತೆ. ಅರ್ಧ ಬುಟ್ಟಿ ಆದಮೇಲೆ ಮುದುಕಿಯೇ ಕೇಳಿದಳು.

"ಯಾರ ಪೈಕಿವಾ ನೀವು?"

"ಹೊಸ್ತಿಲದಾಗ ಹೆಸರು ಕೇಳದವ್ರ ಪೈಕಿ, ಆಯಿ."

ಮುದುಕಿಯ ಕೈ ನಿಂತಿತು. "ಹಂಗಂದ್ರ ನೀಲಗಂಗವ್ವನ ಮನಿ ಸೊಸಿ ನೀನು" ಅಂದಳು. ಆ ಹೆಸರನ್ನು ನಾವು ಅದೇ ಮೊದಲು ಕೇಳಿದ್ದು.

ಲಗಮವ್ವ ಹೇಳಿದ್ದು ದೊಡ್ಡ ಕಥೆಯೇನಲ್ಲ. ನೀಲಗಂಗವ್ವನ ಗಂಡ ಉಪ್ಪಿನ ಎತ್ತುಗಳ ಜೊತೆ ಹೋದವನು, ಮೂರು ಸುಗ್ಗಿ ಕಳೆದರೂ ಬರಲಿಲ್ಲ. ಆಗ ಹೆಳವ ಬಂದ. ಅವಳು ಮೊರದ ತುಂಬ ಜೋಳ ತಂದು ಹೊಸ್ತಿಲಲ್ಲಿ ನಿಂತಳು. ಅವನು ಪದ್ಧತಿಯಂತೆ ಕೇಳಿದ: ಮನೆಯ ಗಂಡಸಿನ ಹೆಸರೇನು, ಯಾವ ಕಡೆ ಬರೆಯಲಿ?

"ಇದ್ದಾನ ಅಂದ್ರ ಸುಳ್ಳು ಆದೀತು. ಇಲ್ಲಾ ಅಂದ್ರ ಆಕಿ ಬಾಯಿಲೇ ಅಂವನ್ನ ಸಾಯಿಸಿದ್ಹಂಗ ಆದೀತು. ಹುಡುಗಿ ಏನ್ ಮಾಡ್ಬೇಕವಾ? ಮೊರಾ ಹೊಸ್ತಿಲ ಹೊರಗ ಇಟ್ಲು. ಕೈ ಮುಗದ್ಲು. ಸಾವಕಾಶ ಕದಾ ಮುಚ್ಚಿದ್ಲು. ಅಷ್ಟ. ತನ್ನ ಮಗಳನ್ನ ಕೊಡೂ ಮುಂದ ಹೇಳಿದ್ಲಂತ, ನಮ್ಮ ಪೈಕಿ ಹೊಸ್ತಿಲದಾಗ ಯಾವ ಹೆಣ್ಣಿಗೂ ಗಂಡನ ಹೆಸರು ಕೇಳಬ್ಯಾಡ್ರಿ ಅಂತ."

"ಆಕಿ ಗಂಡನ ಹೆಸರು ಏನಿತ್ತು, ಆಯಿ?" ಅಂದೆ ನಾನು.

ಮುದುಕಿ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದಳು. "ಆಕಿ ಹೇಳ್ಳಿಲ್ಲ. ನಮಗ್ಯಾಂಗ ಗೊತ್ತಾದೀತು?"

ದುಂಡವ್ವಕ್ಕ ಮುಖ ಆಚೆ ತಿರುಗಿಸಿಕೊಂಡು ಉಳಿದ ಹುಣಸೆಹಣ್ಣಿನ ಬೀಜವನ್ನೆಲ್ಲ ತೆಗೆದು ಮುಗಿಸಿದಳು. ಗಂಟು ಹಾಕುವುದನ್ನು ಮಾತ್ರ ಮರೆತಳು. ಬಸ್ಸಿನಲ್ಲಿ ನಾನೇ ಅವಳ ಸೆರಗಿಗೆ ಹಾಕಿದೆ.

ಉಗಾದಿ ಕಳೆದು ಎಂಟನೆಯ ದಿನ ಹೆಳವ ಭರಮಪ್ಪ ಬಂದ. ಎತ್ತಿನ ಕೊರಳ ಗೆಜ್ಜೆಸರದ ಸದ್ದು ಕೇಳಿದ್ದೇ ಊರು ಚಾವಡಿಗೆ ಕೂಡಿತು. ಕಲ್ಲಿನ ದೋಣಿಗೆ ನೀರು ತುಂಬಿಸಿಟ್ಟಿದ್ದರು. ರಾಚಪ್ಪ ಮಡಿ ಅಂಗಿ ತೊಟ್ಟು ಬಂದಿದ್ದ. ಲಗಮವ್ವನ ಊರಿನಿಂದ ಬಂದ ದಿನವೇ ಅಕ್ಕ ಅವನಿಗೆ ಎಲ್ಲ ಹೇಳಿದ್ದಳು. ಅವನು "ಮುದುಕೇರ ಮಾತು, ವೈನಿ. ಪುಸ್ತಕದಾಗ ಏನೈತಿ ನೋಡೂಣು" ಅಂದಿದ್ದ, ಅಷ್ಟೇ.

ಭರಮಪ್ಪ ಕದಮುಚ್ಚಿಯವರ ಹಾಳೆಗೆ ಬಂದು ಎಂದಿನಂತೆ ದನಿ ತಗ್ಗಿಸಿದ. ಅಷ್ಟರಲ್ಲಿ ಅಕ್ಕ ಮುಂದೆ ಬಂದಳು. ಹೆಂಗಸರು ಚಾವಡಿಯಲ್ಲಿ ಮಾತಾಡುವುದು ರೂಢಿಯಿಲ್ಲ. "ಕಾಕಾ, ಎಲ್ಲಾಕ್ಕಿಂತ ಹಳೇ ಹಾಳಿ ತಗೀರಿ" ಅಂದಳು.

"ಅದನ್ನ ಓದೂದು ಬ್ಯಾಡವಾ ತಂಗಿ. ನಿಮ್ಮ ಮನಿಯವ್ರಿಗೆ ಸಿಟ್ಟು ಬರತೈತಿ ಅಂತ ನಮ್ಮ ಹಿರ್ಯಾರು ಹೇಳ್ಯಾರ."

"ನಮಗ್ಯಾಕ ಸಿಟ್ಟು? ಸಿಟ್ಟಾದವ್ರು ನೀವಲ್ರಿ?"

"ನಾವ?" ಭರಮಪ್ಪ ಕನ್ನಡಕ ತೆಗೆದ. "ನಿಮಗ ನಾವು ಬಂದದ್ದು ಸೇರೂದಿಲ್ಲ ಅಂತ ನಾವು ದೂರ ನಿಲ್ತಿದ್ವಿ."

"ನಿಮಗ ನಮ್ಮ ಹೊಸ್ತಿಲು ಸೇರೂದಿಲ್ಲ ಅಂತ ನಾವು ಇಲ್ಲಿ ತನಕ ಬರ್ತಿದ್ವಿ!"

ಚಾವಡಿ ತುಂಬ ನಗೆ ಎದ್ದಿತು. ಏಳು ತಲೆಮಾರು ಇವರು ಅವರಿಗೆ, ಅವರು ಇವರಿಗೆ ಮರ್ಯಾದೆ ಮಾಡಿಕೊಂಡೇ ಬಂದಿದ್ದರು. ಅಕ್ಕ ಮಾತ್ರ ನಗದೆ, ಸೆರಗಿನ ಒಂದೊಂದೇ ಗಂಟು ಹಿಡಿದು ಹದಿನೇಳು ಹೆಂಗಸರ ಹೆಸರು ಹೇಳಿದಳು. ಆಮೇಲೆ ನೀಲಗಂಗವ್ವನ ಕಥೆ. ಅವಳು ಮುಗಿಸುವಾಗ ಗಂಟಿಯವರ ಮನೆಯಲ್ಲಿ ಮೊದಲ ಗಂಟೆಯ ಸದ್ದಾಯಿತು. ಒಬ್ಬ ಹೆಂಗಸೂ ಎಸರಿಡಲು ಎದ್ದು ಹೋಗಲಿಲ್ಲ.

ಭರಮಪ್ಪ ಗಂಟಿನ ತಳದಿಂದ ಎಣ್ಣೆಗಟ್ಟಿದ ಹಳೆಯ ಕಟ್ಟು ತೆಗೆದು ಮೊದಲ ಹಾಳೆ ಬಿಚ್ಚಿದ. ಅಲ್ಲಿ ಹೆಸರಿರಲಿಲ್ಲ. ಮುಚ್ಚಿದ ಕದದ ಚಿತ್ರವಿತ್ತು. ಅದರ ಕೆಳಗೆ ಒಂದು ಮೊರ.

"ಕದಾ ಬರದದ್ದು ನಮಗ ಗೊತ್ತಿತ್ತು" ಅಂದ. "ಈ ಮೊರಾ ಯಾಕ ಅಂತ ನಮ್ಮಪ್ಪಗೂ ತಿಳಿದಿದ್ದಿಲ್ಲ." ಆಮೇಲೆ ಹಾಳೆಯನ್ನು ಕಣ್ಣಿನ ಹತ್ತಿರ ತಂದ. ಹಾಗೇ ರಾಚಪ್ಪನ ಕಡೆ ಹಿಡಿದ. ಚಿತ್ರ ಬಲಗಡೆಯೂ ಇರಲಿಲ್ಲ, ಎಡಗಡೆಯೂ ಇರಲಿಲ್ಲ. ನಡುವಿನ ಗೆರೆಯ ಮೇಲೆಯೇ ಬರೆದಿತ್ತು.

ಆ ಹಳೆಯ ಹೆಳವನನ್ನು ನಾನು ಈಗಲೂ ನೆನೆಯುತ್ತೇನೆ. ಮುಚ್ಚಿದ ಕದದ ಮುಂದೆ ನಿಂತು, ಒಂದು ಮಾತೂ ಇಲ್ಲದೆ ಅವನಿಗೆ ಎಲ್ಲ ತಿಳಿದಿತ್ತು.

ಭರಮಪ್ಪ ಎದ್ದು ನಿಂತ. "ನಡೀರಿ. ಈ ಮನಿ ಹೊಸ್ತಿಲಿಗೆ ನಾ ಹೋಗಬೇಕು" ಅಂದ.

ನಾವೆಲ್ಲ ಎತ್ತಿನ ಹಿಂದೆ ಹೊರಟೆವು. ಅಕ್ಕ ಮುಂಚೆ ಓಡಿ ಹೋಗಿ ಮೊರದಲ್ಲಿ ಜೋಳ ತುಂಬಿಕೊಂಡು ಹೊಸ್ತಿಲ ಒಳಗೆ ನಿಂತಳು. ರಾಚಪ್ಪ ಅವಳ ಹಿಂದೆ ಮಷೀನಿಗೆ ಒರಗಿ ನಿಂತ. ಭರಮಪ್ಪ ಪುಸ್ತಕ ಬಿಚ್ಚಿ ಪೆನ್ನು ಹಿಡಿದ. ಕೇಳುವುದು ಅವನ ಕೆಲಸ, ಕೇಳದೆ ಹೋಗುವ ಹಾಗಿರಲಿಲ್ಲ.

"ತಂಗಿ, ಈ ಮನಿ ಹಿರೇಮಗನ್ನ ಯಾವ ಕಡೆ ಬರೀಲಿ?"

ಅವನು ಹೆಸರು ಹಿಡಿದು ಕೇಳಲಿಲ್ಲ. ಹಾಗಾಗಿ ಕದಗಳು ಅಲುಗಲಿಲ್ಲ. ಓಣಿಯ ಮಂದಿಯೆಲ್ಲ ಕದವನ್ನೇ ನೋಡುತ್ತಿದ್ದೆವು. ಅಕ್ಕನ ಮೊರದಿಂದ ನಾಲ್ಕು ಕಾಳು ಜಾರಿ ಹೊಸ್ತಿಲ ಮೇಲೆ ಬಿದ್ದವು.

ಆಗ ರಾಚಪ್ಪ ಮುಂದೆ ಬಂದ. ಅತ್ತಿಗೆಯ ಕೈಯಿಂದ ಮೊರ ತೆಗೆದುಕೊಂಡು ಹೊಸ್ತಿಲ ಹೊರಗೆ ಇಟ್ಟ. ಭರಮಪ್ಪನಿಗೆ ಕೈ ಮುಗಿದ. ಎರಡೂ ಕದಕ್ಕೆ ಕೈ ಹಚ್ಚಿದ. ಆ ಕಪ್ಪು ಉಗುರಿನ ಹೆಬ್ಬೆರಳು ನನಗೆ ಎದ್ದು ಕಾಣಿಸಿತು. ತೊಟ್ಟಿಲಲ್ಲಿ ಕೂಸು ಮಲಗಿದ ಮನೆಯಲ್ಲಿ ಮುಚ್ಚುವ ಹಾಗೆ, ಸಾವಕಾಶ, ತಾನೇ ಮುಚ್ಚಿದ. ಒಳಗಿನಿಂದ ಅಗುಳಿ ಬಿದ್ದ ಸದ್ದು ಬಂತು. ಆಮೇಲೆ ಅಕ್ಕ ಅಳುವ ಸದ್ದು. ಹನ್ನೊಂದು ವರ್ಷದಲ್ಲಿ ಅದನ್ನು ನಾನು ಮೊದಲ ಸಲ ಕೇಳಿದ್ದು.

ಭರಮಪ್ಪ ಅಲ್ಲೇ ಮಂಡಿಯೂರಿ ಕೂತು ಗೆರೆಯ ಮೇಲೆ ಒಂದು ಪುಟ್ಟ ಕದ ಬರೆದ. ಅದರ ಕೆಳಗೆ ಮೊರ ಬರೆದ. ಜೋಳವನ್ನು ಚೀಲಕ್ಕೆ ಸುರುವಿಕೊಂಡು ಬರಿ ಮೊರ ನನ್ನ ಕೈಗೆ ಕೊಟ್ಟ. "ಕದಾ ತಗದ ಮ್ಯಾಲೆ ಒಳಗ ಕೊಡವಾ. ಅವಸರ ಏನಿಲ್ಲ."

ಎತ್ತಿನ ಸರದ ಸದ್ದು ಓಣಿಯ ತಿರುವಿನಲ್ಲಿ ಇಳಿಯಿತು. ಮಂದಿ ಒಬ್ಬೊಬ್ಬರಾಗಿ ಹೋದರು. ಚಾವಡಿಯ ದೋಣಿಯಲ್ಲಿ ತುಂಬಿಟ್ಟ ನೀರಿಗೆ ಅಂದು ಯಾರೂ ಕೈ ಅದ್ದಲಿಲ್ಲ. ಮೊರದ ಅಂಚಿನ ಮೇಲೆ ಆಗಲೇ ನಮ್ಮ ಮನೆಯ ಇರುವೆಯೊಂದು ಹತ್ತಿತ್ತು. ನಾನು ಅದನ್ನು ಊದದೆ, ಅವರ ಜಗಲಿಯ ಮೇಲೆ ಮೊರ ಹಿಡಿದುಕೊಂಡು ಕೂತೆ.